ಊರೊಳಗೊಂದು ಊರು

ಪ್ರಪಂಚದ ಯಾವ ದೊಡ್ಡ ಶಹರಕ್ಕೆ ಹೋದರೂ ಅದರ ಒಡಲಲ್ಲಿ ಬೇರೊಂದು ಊರು ಅಡಗಿರುವುದು ಕಂಡುಬರುತ್ತದೆ. ನಕಾಶೆಯಲ್ಲಿ ಅದಕ್ಕೆ ಬೇರೆ ಬಣ್ಣವಿಲ್ಲ, ಗಡಿಗಲ್ಲಂತೂ ಮೊದಲೇ ಇಲ್ಲ. ಆದರೆ ಬೀದಿಯ ಒಂದು ತಿರುವನ್ನು ದಾಟಿದೊಡನೆ ಕಿವಿಗೆ ಬೀಳುವ ಮಾತು ಬೇರೆಯಾಗುತ್ತದೆ, ಒಗ್ಗರಣೆಯ ವಾಸನೆ ಬೇರೆಯಾಗುತ್ತದೆ, ಅಂಗಳದಲ್ಲಿ ಕುಳಿತ ಮುದುಕಿಯರ ಉಡುಗೆಯೂ ಬೇರೆಯಾಗುತ್ತದೆ. ಅಮೇರಿಕದ ನ್ಯೂಯಾರ್ಕಿನಲ್ಲಿ ಮಲ್ಬೆರಿ ಬೀದಿ, ಬೋಸ್ಟನ್ನಿನಲ್ಲಿ ನಾರ್ತ್ ಎಂಡ್, ಅರ್ಜೆಂಟೈನಾದ ಬ್ಯೂನಸ್ ಐರಿಸಿನಲ್ಲಿ ಲಾ ಬೋಕಾ, ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ ಬಿಶೀಗಾ, ಲಂಡನ್ನಿನಲ್ಲಿ ಕ್ಲರ್ಕನ್‌ವೆಲ್, ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಲೈಗನ್ ಬೀದಿ—ಇವೆಲ್ಲವೂ ಇಟಲಿಯಿಂದ ಹೊರಟುಬಂದ ಬಡವರು ಕಟ್ಟಿಕೊಂಡ ಕೇರಿಗಳು. ಇಂಥ ಕೇರಿಗೆ ಇಂಗ್ಲಿಷ್ ಬಲ್ಲ ಜನ ‘ಲಿಟ್ಲ್ ಇಟಲಿ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಹೇಳುವುದಾದರೆ ಕಿರಿಯ ಇಟಲಿ.

ಆದರೆ ಈ ಹೆಸರು ಹೊರಗಿನವರು ಕೊಟ್ಟದ್ದು. ಒಳಗಿದ್ದವರಲ್ಲಿ ಬಹು ಜನರಿಗೆ ತಾವು ಇಟಲಿಯವರು ಎಂಬ ಭಾವನೆಯೇ ಇರಲಿಲ್ಲ. ಇಟಲಿಯು ಒಂದು ರಾಜ್ಯವಾದದ್ದೇ 1861ರಲ್ಲಿ. ಹಡಗು ಹತ್ತಿದ ರೈತನಿಗೆ ಅವನ ಹಳ್ಳಿಯೇ ದೇಶ. ತನ್ನೂರ ಇಗರ್ಜಿಯ ಗಂಟೆಯ ಸದ್ದು ಎಲ್ಲಿಯ ವರೆಗೆ ಕೇಳುವುದೋ ಅಲ್ಲಿಯ ವರೆಗೆ ತನ್ನವರು ಎಂಬ ಈ ಅಭಿಮಾನಕ್ಕೆ ಅವರ ಭಾಷೆಯಲ್ಲಿ ‘ಕಂಪನಿಲಿಸ್ಮೊ’ ಎಂಬ ಪ್ರತ್ಯೇಕ ಶಬ್ದವೇ ಉಂಟು. ಆದುದರಿಂದಲೇ ನ್ಯೂಯಾರ್ಕಿನ ಆ ಕೇರಿಯೊಳಗೂ ಒಳಕೇರಿಗಳಾದವು. ನೇಪಲ್ಸ್ ಕಡೆಯವರು ಮಲ್ಬೆರಿ ಬೀದಿಯನ್ನು ಹಿಡಿದರೆ ಸಿಸಿಲಿಯವರು ಎಲಿಜಬೆತ್ ಬೀದಿಯನ್ನು ಹಿಡಿದರು. ಒಂದೇ ಹಳ್ಳಿಯ ಮಂದಿ ಒಂದೇ ಕಟ್ಟಡದಲ್ಲಿ ಮಜಲು ಮಜಲಾಗಿ ತುಂಬಿಕೊಂಡದ್ದೂ ಉಂಟು.

ಇಷ್ಟು ದೂರದ ಮಾತು ಕನ್ನಡದ ವಾಚಕರಿಗೇಕೆ ಎಂದು ಯಾರಾದರೂ ಕೇಳಬಹುದು. ಅಂಥವರು ಒಂದು ಸಲ ಗೋವೆಯ ವಾಸ್ಕೊ ಪಟ್ಟಣದಲ್ಲಿ ಇಳಿದು, ಬೈನಾದ ಕಡೆಗೋ ಮಾಂಗೋರ ಗುಡ್ಡದ ಕಡೆಗೋ ಝುವಾರಿನಗರದ ಕಡೆಗೋ ನಡೆದು ಹೋಗಬೇಕು. ಕೊಂಕಣಿಯ ಊರಿನ ನಡುವೆ ವಿಜಾಪುರ ಸೀಮೆಯ ಗಂಡುಗನ್ನಡ ಕೇಳಿಸುತ್ತದೆ. ತಗಡಿನ ಮಾಡಿನ ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ತಾಳಬದ್ಧವಾಗಿ ಬರುತ್ತದೆ. ಹೊಸಬನನ್ನು ಕಂಡ ಹಿರಿಯ ಹೆಣ್ಣುಮಗಳು ಮೊದಲು ಕೇಳುವ ಪ್ರಶ್ನೆ ಒಂದೇ:

“ಯಾವೂರಪಾ ನಿಂದು?”

“ಮುದ್ದೇಬಾಳ ಕಡಿ, ಯವ್ವಾ.”

“ಮುದ್ದೇಬಾಳ ಅಂದ್ರ ಬಾಳ ದೊಡ್ಡದೈತಿ. ಹಳ್ಳಿ ಯಾವುದು?”

ಹಳ್ಳಿಯ ಹೆಸರು ಹೇಳಿದ ಮೇಲೆಯೇ ಕುಳ್ಳಿರಲು ಮಣೆ, ಕುಡಿಯಲು ನೀರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ಈ ನಾಲ್ಕು ತಾಲೂಕುಗಳ ಹಳ್ಳಿಹಳ್ಳಿಗಳು ಅಲ್ಲಿ ಓಣಿ ಓಣಿಯಾಗಿ ಬಂದು ನಿಂತಿವೆ. ಇಗರ್ಜಿಯ ಗಂಟೆಯ ಬದಲಾಗಿ ಹನುಮಂತ ದೇವರ ಗುಡಿಯ ಗಂಟೆ, ಅಷ್ಟೇ ವ್ಯತ್ಯಾಸ.

ಒಂದೇ ವರ್ಷದ ಎರಡು ಲೆಕ್ಕ

ಇತಿಹಾಸದಲ್ಲಿ ಕೆಲವು ಕಾಕತಾಳೀಯಗಳು ವಿಚಾರ ಹುಟ್ಟಿಸುತ್ತವೆ. ಇಟಲಿಯ ಸರಕಾರ ದೇಶ ಬಿಟ್ಟು ಹೋಗುವವರ ತಲೆಯೆಣಿಕೆಯನ್ನು ಕ್ರಮವಾಗಿ ಇಡಲು ತೊಡಗಿದ್ದು 1876ರಲ್ಲಿ. ಅಂದಿನಿಂದ 1915ರ ವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಹೊರಟು ಹೋದರೆಂದು ಆ ಲೆಕ್ಕ ಹೇಳುತ್ತದೆ. ದಕ್ಷಿಣ ಇಟಲಿಯಲ್ಲಿ ಒಣನೆಲ, ದೊಡ್ಡ ಜಮೀನುದಾರರ ಕೈಯಲ್ಲಿ ಸಿಕ್ಕ ಹೊಲಗಳು, ಮಲೇರಿಯ, ಹಿಟ್ಟಿನ ಮೇಲೂ ಬಿದ್ದ ಹೊಸ ರಾಜ್ಯದ ತೆರಿಗೆ, ದ್ರಾಕ್ಷಿಯ ಬಳ್ಳಿಗೆ ತಗಲಿದ ಕೀಟದ ಪಿಡುಗು—ಇವೆಲ್ಲ ಸೇರಿ ಜನರನ್ನು ಬಂದರದ ಕಡೆಗೆ ಅಟ್ಟಿದವು.

ಅದೇ 1876ರಲ್ಲಿ ಕೃಷ್ಣೆ ಮತ್ತು ಭೀಮೆಯರ ನಡುವಿನ ನಾಡಿನಲ್ಲಿ ಮಳೆ ಕೈಕೊಟ್ಟಿತು. 1876-78ರ ಆ ಘೋರ ಬರಗಾಲದ ಏಟು ತಿಂದ ಸೀಮೆಗಳಲ್ಲಿ ಅಂದಿನ ಕಲಾದಗಿ ಜಿಲ್ಲೆ, ಎಂದರೆ ಮುಂದಿನ ವಿಜಾಪುರ ಜಿಲ್ಲೆ, ಮುಂಚೂಣಿಯದು. 1872ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಇಳಿದುಹೋದದ್ದು ತಿಳಿಯುತ್ತದೆ. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ!

ಬರಗಾಲದ ನೆನಪಿನಿಂದಲೇ ಒಂದು ಉಗಿಬಂಡಿಯ ಹಾದಿ ಹುಟ್ಟಿತು. ಇನ್ನೊಮ್ಮೆ ಬರ ಬಿದ್ದರೆ ಕಾಳು ಸಾಗಿಸಲು ಅನುಕೂಲವಾಗಲೆಂದು 1880ರ ದಶಕದಲ್ಲಿ ಹೋಟಗಿಯಿಂದ ಗದಗಿನ ವರೆಗೆ ಕಂಬಿ ಹಾಕಿದರು. ಇಂಡಿ ರೋಡ್, ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳು ಆ ಹಾದಿಯ ಮೇಲಿವೆ. ಅದೇ ದಶಕದಲ್ಲಿ ಪೋರ್ಚುಗೀಜರ ಗೋವೆಯ ಮುರಗಾಂವ ಬಂದರದಿಂದ ಘಟ್ಟವನ್ನೇರಿ ಬರುವ ಇನ್ನೊಂದು ಹಾದಿಯೂ ಸಿದ್ಧವಾಯಿತು. ಕಾಳನ್ನು ಒಳಗೆ ತರಲು ಹಾಕಿದ ಕಂಬಿಗಳ ಮೇಲೆ ಮುಂದೆ ಜನ ಹೊರಗೆ ಹೋಗತೊಡಗಿದರು. ಕಾಳು ತರುವ ಹಾದಿಯೇ ಆಳನ್ನು ಒಯ್ಯುವ ಹಾದಿಯಾಯಿತು.

ಡೋಣಿ ಬೆಳೆಯದ ವರ್ಷ

“ಡೋಣಿ ಬೆಳೆದರೆ ಓಣಿಯೆಲ್ಲ ಜೋಳ” ಎಂಬುದು ಈ ಸೀಮೆಯ ಗಾದೆ. ಡೋಣಿ ನದಿಯ ದಂಡೆಯ ಎರೆಭೂಮಿ ಒಂದು ವರ್ಷ ಕೊಟ್ಟರೆ ಮೂರು ವರ್ಷ ಕುಳಿತು ಉಣ್ಣಬಹುದೆಂದು ಹಿರಿಯರು ಹೇಳುತ್ತಾರೆ. ಆದರೆ ಆ ಗಾದೆಯಲ್ಲಿ ‘ಬೆಳೆದರೆ’ ಎಂಬ ಶಬ್ದವೊಂದು ಕುಳಿತಿದೆಯಷ್ಟೆ! ವರ್ಷಕ್ಕೆ 600 ಮಿಲಿಮೀಟರಿನಷ್ಟೂ ಬಾರದ ಮಳೆ. ಅದೂ ಹದಕ್ಕೆ ಬಾರದೆ, ಬಂದರೆ ಒಮ್ಮೆಲೇ ಬರುವ ಮಳೆ. ಕರಿನೆಲ ಹಸಿಯನ್ನು ಹಿಡಿದಿಟ್ಟುಕೊಂಡರೆ ಹಿಂಗಾರಿಯ ಬಿಳಿಜೋಳ ಎದೆಯೆತ್ತರ ನಿಲ್ಲುತ್ತದೆ. ಹಿಡಿಯದಿದ್ದರೆ ಹೊಲ ಬಿರಿಯುತ್ತದೆ.

ಬಿರಿದಾಗ ಜನ ಹೊರಡುತ್ತಾರೆ. ಇದಕ್ಕೆ ‘ಗುಳೆ ಹೋಗುವುದು’ ಎಂದು ಹೆಸರು. ಗುಳೆ ಎಂಬ ಮಾತಿಗೆ ವಲಸೆ ಎಂದು ಅರ್ಥ ಹೇಳಿದರೆ ಅರ್ಧವಷ್ಟೇ ಹೇಳಿದಂತಾಗುತ್ತದೆ. ವಲಸೆ ಹೋದವನು ಮರಳದೆ ಇರಬಹುದು. ಗುಳೆ ಹೋದವನ ಮನಸ್ಸಿನಲ್ಲಿ ಮರಳುವ ತಿಥಿ ಮೊದಲೇ ಗೊತ್ತಾಗಿರುತ್ತದೆ. ಮನೆಯ ಬಾಗಿಲಿಗೆ ಮುಳ್ಳುಕಂಟಿ ಹಚ್ಚಿ, ಮುದಿ ತಾಯಿತಂದೆಗಳನ್ನೂ ಒಂದೆರಡು ಮಕ್ಕಳನ್ನೂ ಊರಲ್ಲಿಟ್ಟು, ದೀಪಾವಳಿಯ ಆಚೆಗೀಚೆಗೆ ಹೊರಟವರು ಯುಗಾದಿಗೋ ಊರ ಜಾತ್ರೆಗೋ ಮುಂಗಾರಿನ ಬಿತ್ತಿಗೆಗೋ ಮರಳುತ್ತಾರೆ. ಅರ್ಜೆಂಟೈನಾದಲ್ಲಿಯೂ ಇಂಥ ಒಂದು ಶಬ್ದವಿತ್ತೆಂಬುದು ಸೋಜಿಗ. ಇಟಲಿಯಲ್ಲಿ ಸುಗ್ಗಿ ಮುಗಿಸಿ, ಹಡಗು ಹತ್ತಿ, ಋತುಗಳು ತಿರುಗುಮುರುಗಾಗಿರುವ ಆ ದಕ್ಷಿಣ ದೇಶದಲ್ಲಿ ಮತ್ತೊಂದು ಸುಗ್ಗಿ ಕೊಯ್ದು ಮರಳುತ್ತಿದ್ದವರನ್ನು ಅಲ್ಲಿಯವರು ‘ಗೊಲೊಂದ್ರಿನಾ’ ಎಂದು ಕರೆದರು. ಅದು ಒಂದು ವಲಸೆಹಕ್ಕಿಯ ಹೆಸರು. ಅಮೇರಿಕಕ್ಕೆ ಹೋದ ಇಟಲಿಯವರಲ್ಲಿಯೂ ಅರ್ಧಕ್ಕೆ ಸಮೀಪದ ಜನ ಎಂದಾದರೂ ಒಮ್ಮೆ ತಮ್ಮೂರಿಗೆ ತಿರುಗಿಹೋದರು. ಕೇರಿ ಕಟ್ಟಬೇಕೆಂದು ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಮರಳುವ ದಿನ ಮುಂದೆ ಮುಂದೆ ಹೋದಂತೆಲ್ಲ ಕೇರಿ ತಾನಾಗಿ ಕಟ್ಟಿಕೊಳ್ಳುತ್ತದೆ.

ಗುಳೆಯ ದಿಕ್ಕುಗಳು ಕಾಲಕಾಲಕ್ಕೆ ಬದಲಾದವು. 1877ರ ಸುಮಾರಿಗೆ ಸೊಲ್ಲಾಪುರದಲ್ಲಿ ಹತ್ತಿಯ ಗಿರಣಿ ಹೊಗೆಯಾಡತೊಡಗಿತು. ಇಂಡಿಯ ಜನರಿಗೆ ಭೀಮೆ ದಾಟಿದರೆ ಸೊಲ್ಲಾಪುರ ನೆರೆಮನೆ. ಅದು ವಚನಕಾರ ಸಿದ್ಧರಾಮನ ಸೊನ್ನಲಿಗೆಯೇ ಆದುದರಿಂದ ಪರಸ್ಥಳವೆಂಬ ಅಳುಕೂ ಅಷ್ಟಾಗಿ ಇರಲಿಲ್ಲ. 1956ರ ನವೆಂಬರ 1ರ ವರೆಗೆ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಮುಂಬಯಿಯೇ ರಾಜಧಾನಿಯೂ ಆಗಿತ್ತು. ಕರಾವಳಿಯ ಕನ್ನಡಿಗರು ಅಲ್ಲಿ ಹೊಟೇಲು ತೆರೆದರು, ಸಂಘ ಕಟ್ಟಿದರು, ರಾತ್ರಿಶಾಲೆಗಳಲ್ಲಿ ಓದಿದರು. ಬಯಲುಸೀಮೆಯವರು ಹೆಚ್ಚಾಗಿ ಕಟ್ಟಡದ ಬುಟ್ಟಿ ಹೊತ್ತರು. ಸಕ್ಕರೆ ಕಾರಖಾನೆಗಳು ಎದ್ದ ಮೇಲೆ ಕೊಲ್ಲಾಪುರ, ಸಾಂಗ್ಲಿಗಳ ಕಬ್ಬಿನ ಗದ್ದೆಗಳೂ ಕರೆದವು. 1961ರ ಡಿಸೆಂಬರ 19ರಂದು ಗೋವೆ ಪೋರ್ಚುಗೀಜರಿಂದ ಬಿಡುಗಡೆ ಹೊಂದಿತು. ಬಂದರ, ಅದಿರಿನ ಗಣಿ, ಹೊಸ ರಸ್ತೆ, ಹೊಸ ಕಟ್ಟಡ, 1970ರ ದಶಕದಲ್ಲಿ ಝುವಾರಿಯ ಗೊಬ್ಬರದ ಕಾರಖಾನೆ—ಒಂದರ ಹಿಂದೊಂದು ಕೆಲಸ ಹುಟ್ಟಿತು. ಕಲ್ಲು ಒಡೆಯುವವರು, ಮಣ್ಣು ಹೊರುವವರು ಬೇಕಾದರು. ಘಟ್ಟದ ಮೇಲಿನಿಂದ ಜನ ಇಳಿದರು. ಲಂಬಾಣಿ ತಾಂಡಾಗಳಿಂದಲೂ ಇಳಿದರು. 2011ರ ಜನಗಣತಿಯಂತೆ ಗೋವೆಯಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ 4.65ರಷ್ಟು, ಸುಮಾರು 68 ಸಾವಿರ ಜನ. ಅವರೆಲ್ಲ ವಿಜಾಪುರ ಜಿಲ್ಲೆಯವರೇ ಅಲ್ಲ. ಲಂಬಾಣಿ, ಉರ್ದು ಮಾತಾಡುವ ವಿಜಾಪುರದವರು ಆ ಲೆಕ್ಕದಲ್ಲಿ ಬಂದೂ ಇಲ್ಲ.

ಕೇರಿ ಕಟ್ಟುವ ಬಗೆ

ಇಂಥ ಕೇರಿಯು ಹೇಗೆ ಕೂಡಿಬರುತ್ತದೆಂಬುದನ್ನು ನೋಡಿದರೆ ನ್ಯೂಯಾರ್ಕಿಗೂ ವಾಸ್ಕೊಕ್ಕೂ ಹೆಚ್ಚಿನ ಅಂತರ ತೋರುವುದಿಲ್ಲ. ಮೊದಲು ಒಬ್ಬನು ಹೋಗುತ್ತಾನೆ. ಅವನಿಗೆ ಕೆಲಸ ಸಿಕ್ಕಿತೆಂಬ ಸುದ್ದಿ ಊರಿಗೆ ಮುಟ್ಟಿದ ಮೇಲೆ ತಮ್ಮ, ಅಳಿಯ, ಷಡ್ಡಕ ಹೋಗುತ್ತಾರೆ. ಬಳಿಕ ಹೆಂಗಸರು. ಕೆಲಸಕ್ಕೆ ಹಚ್ಚುವವನೊಬ್ಬನು ನಡುವೆ ಇರುತ್ತಾನೆ. ಇಟಲಿಯವರಲ್ಲಿ ಅವನು ‘ಪದ್ರೋನೆ’, ವಿಜಾಪುರದವರಲ್ಲಿ ‘ಮುಕಾದಮ’. ಇಬ್ಬರ ಕಸುಬೂ ಒಂದೇ. ಪದ್ರೋನೆ ಹಡಗಿನ ಖರ್ಚು ಕೊಟ್ಟು ಕರೆದೊಯ್ದು, ಅದನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದನು. ಮುಕಾದಮನು ಮನೆಯಲ್ಲಿ ಮದುವೆಯೋ ಬೇನೆಯೋ ಬಂದ ಹೊತ್ತಿಗೆ ಮುಂಗಡ ಕೊಟ್ಟು, ಗಂಡಹೆಂಡಿರ ಆರು ತಿಂಗಳ ದುಡಿಮೆಯನ್ನು ಬರೆಯಿಸಿಕೊಳ್ಳುತ್ತಾನೆ. ಅವನು ಸಾಲಗಾರನೂ ಹೌದು, ಆಸರೆಯೂ ಹೌದು. ಅವನನ್ನು ಬೈಯುತ್ತಲೇ ಅವನ ಮನೆಯ ಬಾಗಿಲು ತಟ್ಟಬೇಕಾಗುವುದು ಬಡತನದ ಒಂದು ಲಕ್ಷಣ.

ಇನ್ನು ಮನೆ. ಲಾ ಬೋಕಾದಲ್ಲಿ ಜಿನೋವಾದ ನಾವಿಕರು ಹಲಿಗೆ ಮತ್ತು ತಗಡುಗಳಿಂದ ಮನೆ ಕಟ್ಟಿ, ಹಡಗಿಗೆ ಬಳಿದು ಉಳಿದ ಬಣ್ಣವನ್ನು ಗೋಡೆಗೆ ಬಳಿದರು. ಇಂದು ಆ ಬಣ್ಣದ ಮನೆಗಳನ್ನು ನೋಡಲು ದೇಶದೇಶಗಳಿಂದ ಪ್ರವಾಸಿಗರು ಬರುತ್ತಾರೆ. ಬೈನಾದಲ್ಲಿಯೂ ತಗಡು, ತಾಡಪತ್ರಿ, ಹಳೆಯ ಹಲಿಗೆಗಳಿಂದಲೇ ಮನೆಗಳು ಎದ್ದವು. ಅವನ್ನು ನೋಡಲು ಯಾರೂ ಬರಲಿಲ್ಲ, ಕೆಡವಲು ಬಂದರು.

ಹಸಿವು ಹಿಂಗಿದ ಮೇಲೆ ನಾಲಗೆ ತನ್ನೂರನ್ನು ಬೇಡುತ್ತದೆ. ಇಟಲಿಯವರು ಒಣಗಿಸಿದ ಶಾವಿಗೆ, ಎಣ್ಣೆ, ಗಿಣ್ಣಗಳನ್ನು ಹಡಗಿನಲ್ಲಿ ತರಿಸಿಕೊಂಡರು. ವಿಜಾಪುರದವರ ಗಂಟಿನಲ್ಲಿ ಕಟಕಟ ಎನ್ನುವ ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಅಗಸಿಯ ಹಿಂಡಿ, ಕೆಂಪು ಖಾರ. ಜಾತ್ರೆಗೆ ಹೋಗಿ ಮರಳುವವರ ಚೀಲದಲ್ಲಿ ಮನೆಯ ಜೋಳದ ಹಿಟ್ಟು. ಕಡಲ ದಂಡೆಯಲ್ಲಿ ಕುಳಿತು ಎಳ್ಳಮಾವಾಸ್ಯೆಯ ದಿನ ಸಜ್ಜೆಯ ಕಡುಬು ಮಾಡುವ ತಾಯಿಗೆ ಚರಗ ಚೆಲ್ಲಲು ಹೊಲವಿಲ್ಲ. ಆದರೂ ಮಾಡುತ್ತಾಳೆ. ಮಕ್ಕಳಿಗೆ ಅದೊಂದು ತಿಂಡಿ. ಅವಳಿಗೆ ಮಾತ್ರ ಅದು ಒಂದು ಹೊಲ, ಒಂದು ಬನ್ನಿಯ ಮರ, ಒಂದು ಜೊತೆ ಎತ್ತು.

ದೇವರೂ ಹೀಗೆಯೇ ಜೊತೆಗೆ ಬರುತ್ತಾನೆ. ನೇಪಲ್ಸಿನವರು ತಮ್ಮೂರ ಸಂತ ಜನ್ನಾರೊನ ಉತ್ಸವವನ್ನು 1926ರಲ್ಲಿ ಮಲ್ಬೆರಿ ಬೀದಿಯಲ್ಲಿ ಆರಂಭಿಸಿದರು; ಸೆಪ್ಟೆಂಬರಿನಲ್ಲಿ ಅದು ಈಗಲೂ ನಡೆಯುತ್ತದೆ. ಲಂಡನ್ನಿನ ಇಟಲಿಯವರು 1863ರಲ್ಲಿಯೇ ತಮ್ಮದೊಂದು ಇಗರ್ಜಿಯನ್ನು ತೆರೆದರು. ಬಾಗೇವಾಡಿಯವರು ಶ್ರಾವಣದಲ್ಲಿ ಮೂಲನಂದೀಶ್ವರನ ಜಾತ್ರೆಗೆ ಮರಳಲು ಹಾತೊರೆಯುತ್ತಾರೆ. ಬಾರಲಾಗದವರು ಇದ್ದಲ್ಲಿಯೇ ಬಸವಣ್ಣನ ಪಟವಿಟ್ಟು ಭಜನೆ ಮಾಡುತ್ತಾರೆ.

ಎರಡು ನಾವಿಕರ ಹೆಸರು

ಕೇರಿ ಕಟ್ಟಿದವರಿಗೆ ಊರಿನವರು ಕೊಡುವ ಮೊದಲ ಕಾಣಿಕೆ ಒಂದು ಬೈಗುಳ. ಗೋವೆಯಲ್ಲಿ ಅದು ‘ಘಾಟಿ’. ಘಟ್ಟದ ಮೇಲಿನವನು ಎಂಬುದಷ್ಟೇ ಅದರ ಮೂಲಾರ್ಥ. ಇಟಲಿಯ ಉತ್ತರದ ಮಿಲಾನ್, ಟೂರಿನ್‌ಗಳಿಗೆ ಕೂಲಿಗೆ ಬಂದ ದಕ್ಷಿಣದವರನ್ನು ಅವರ ಸ್ವದೇಶೀಯರೇ ‘ತೆರ್‍ರೋನೆ’ ಎಂದು ಹಳಿದರು. ಅದರ ಮೂಲದಲ್ಲಿರುವುದು ಮಣ್ಣು ಎಂಬ ಶಬ್ದ. ಘಟ್ಟವಾಗಲಿ ಮಣ್ಣಾಗಲಿ ಕೆಟ್ಟ ವಸ್ತುಗಳಲ್ಲ. ಹೇಳುವ ತುಟಿಯ ಕೊಂಕಿನಲ್ಲಿ ಬೈಗುಳವಿರುತ್ತದೆ. ತುಟಿಯ ಕೊಂಕು ಕೈಗೆ ಇಳಿದ ಪ್ರಸಂಗಗಳೂ ಉಂಟು. ಅಮೇರಿಕದ ನ್ಯೂ ಆರ್ಲಿಯನ್ಸಿನಲ್ಲಿ 1891ರ ಮಾರ್ಚ್ 14ರಂದು ಜನಜಂಗುಳಿಯೊಂದು ಸೆರೆಮನೆಗೆ ನುಗ್ಗಿ 11 ಮಂದಿ ಇಟಲಿಯವರನ್ನು ಕೊಂದಿತು. ಅವರಲ್ಲಿ ಕೆಲವರು ನಿರ್ದೋಷಿಗಳೆಂದು ನ್ಯಾಯಾಲಯದಿಂದಲೇ ತೀರ್ಪು ಪಡೆದವರಾಗಿದ್ದರು.

ಮಲ್ಬೆರಿ ಬೀದಿಯ ಬಾಗಿನಲ್ಲಿದ್ದ ಇಕ್ಕಟ್ಟಾದ ಚಾಳುಗಳ ದುರವಸ್ಥೆಯನ್ನು ಜೇಕಬ್ ರೀಸ್ ಎಂಬ ಪತ್ರಕರ್ತನು ಛಾಯಾಚಿತ್ರಗಳೊಡನೆ 1890ರಲ್ಲಿ ಗ್ರಂಥರೂಪದಲ್ಲಿ ಲೋಕಕ್ಕೆ ತೋರಿಸಿದನು. ಅವನೂ ಡೆನ್ಮಾರ್ಕಿನಿಂದ ವಲಸೆ ಬಂದವನೇ. ಊರು ನಾಚಿತು. ಚಾಳುಗಳನ್ನು ಕೆಡವಿ 1897ರಲ್ಲಿ ಅಲ್ಲೊಂದು ಉದ್ಯಾನವನ್ನು ತೆರೆದರು. 1911ರಲ್ಲಿ ಅದಕ್ಕೆ ಕೊಲಂಬಸ್ಸನ ಹೆಸರಿಟ್ಟರು. ಜಿನೋವಾದಲ್ಲಿ ಹುಟ್ಟಿದ ಆ ನಾವಿಕನ ಹೆಸರಿಗೆ ಜಾಗ ದೊರೆಯಿತು. ಅವನ ನಾಡಿನಿಂದ ಬಂದ ಹಮಾಲರು ಮಾತ್ರ ಬೇರೆ ಸೂರು ಹುಡುಕಿಕೊಳ್ಳಬೇಕಾಯಿತು.

ಬೈನಾದ ಕಥೆಯೂ ಇನ್ನೊಬ್ಬ ನಾವಿಕನ ಹೆಸರು ಹೊತ್ತ ಪಟ್ಟಣದಲ್ಲಿ ನಡೆದದ್ದು. ಅಲ್ಲಿಯ ಕಡಲ ದಂಡೆಯಲ್ಲಿ ಕೂಲಿಕಾರರ ಗುಡಿಸಲುಗಳ ಪಕ್ಕದಲ್ಲಿಯೇ ವೇಶ್ಯಾವಾಟಿಕೆಯೂ ಬೆಳೆದಿತ್ತು. 2004ರ ಜೂನ್ ತಿಂಗಳಲ್ಲಿ ಸರಕಾರದ ಯಂತ್ರಗಳು ಬಂದು ಅದನ್ನು ನೆಲಸಮ ಮಾಡಿದವು. ಅದು ಮಳೆಗಾಲದ ಆರಂಭದ ಸಮಯ. 2015ರಲ್ಲಿ ಮತ್ತೆ ಕಡಲಂಚಿನ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಕನ್ನಡಿಗರು. ಕರ್ನಾಟಕದಲ್ಲಿ ಅದರ ಕೂಗೆದ್ದಿತು. ಕಡಲು ಕೊರೆಯುವ ದಂಡೆಯ ಮೇಲೆ ಮನೆ ಇರಬಾರದೆಂಬ ನಿಯಮ ತಪ್ಪೆಂದು ಹೇಳಲಾಗದು. ಆದರೆ ನಿಯಮ ಬರುವ ಮೊದಲು ಆ ಜನರಿಂದ ಕಟ್ಟಡ, ಬಂದರ, ರಸ್ತೆಗಳನ್ನೆಲ್ಲ ಕಟ್ಟಿಸಿಕೊಂಡ ಊರು, ಅವರು ರಾತ್ರಿ ಎಲ್ಲಿ ಮಲಗುತ್ತಾರೆಂದು ಒಂದು ದಿನವಾದರೂ ವಿಚಾರಿಸಿತ್ತೆ? ದುಡಿಮೆ ಬೇಕು, ದುಡಿಯುವವನು ಬೇಡ ಎಂಬ ನ್ಯಾಯ ಮಲ್ಬೆರಿ ಬೀದಿಯಲ್ಲಿಯೂ ಇತ್ತು, ಬೈನಾದಲ್ಲಿಯೂ ಇತ್ತು.

2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಇಂಥ ಕೇರಿಗಳ ನಿಜಸ್ಥಿತಿ ಎಲ್ಲರ ಕಣ್ಣಿಗೂ ಬಿದ್ದಿತು. ಕೆಲಸ ನಿಂತ ದಿನವೇ ಅವರು ಆ ಊರಿಗೆ ಪರಕೀಯರಾದರು; ತಮ್ಮೂರಿಗೆ ಬಂದರೆ ರೋಗ ತಂದವರಾದರು. ಭೀಮೆಯ ದಂಡೆಯ ಧೂಳಖೇಡದ ತಪಾಸಣೆಯ ಕಟ್ಟೆ ಹೊಟ್ಟೆಪಾಡಿನ ಬಸ್ಸುಗಳು ದಿನವೂ ದಾಟುವ ಸ್ಥಳ. ಅಲ್ಲಿಯೇ ಅವರು ಮನೆಗೆ ಹೋಗಲು ಅಪ್ಪಣೆಗಾಗಿ ಕಾಯಬೇಕಾಯಿತು. ಹೊರರಾಜ್ಯದ ಕೂಲಿಕಾರರ ಹಿತಕ್ಕಾಗಿ ಸಂಸತ್ತು 1979ರಲ್ಲಿಯೇ ಒಂದು ಶಾಸನ ಮಾಡಿತ್ತು. ಗುತ್ತಿಗೆದಾರನು ಪರವಾನಗಿ ಪಡೆಯಬೇಕು, ಕೂಲಿಕಾರನ ಹೆಸರು ದಾಖಲಾಗಬೇಕು, ಹೋಗಿಬರುವ ಭತ್ಯೆ ಕೊಡಬೇಕು ಎಂದೆಲ್ಲ ಅದರಲ್ಲಿತ್ತು. ಮುಕಾದಮನ ಚೀಟಿಯಲ್ಲಿ ಇದ್ದ ಹೆಸರುಗಳು ಸರಕಾರದ ದಫ್ತರದಲ್ಲಿ ಇರಲಿಲ್ಲವೆಂಬುದು ಆ ವರ್ಷ ಬಯಲಾಯಿತು. ಒಂದು ಸುಧಾರಣೆ ಮಾತ್ರ ನಿಜವಾಗಿ ಕೈಗೆ ಬಂದದ್ದು: 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ ಏರ್ಪಾಡಿನಂತೆ, ಒಂದು ಊರಿನ ರೇಶನ್ ಕಾರ್ಡಿನ ಮೇಲೆ ಇನ್ನೊಂದು ಊರಿನಲ್ಲಿ ಕಾಳು ಪಡೆಯಬಹುದಾಯಿತು.

ಲಿಂಬೆ ಮತ್ತು ನೀರು

ಸಿಸಿಲಿಯ ಪಲೇರ್ಮೊ ಬಂದರದಿಂದ ಅಮೇರಿಕಕ್ಕೆ ಮೊದಲು ಹೋದದ್ದು ಜನರಲ್ಲ, ಲಿಂಬೆಹಣ್ಣುಗಳು. ಲಿಂಬೆ ತುಂಬಿದ ಹಡಗುಗಳ ದಾರಿಯಲ್ಲಿಯೇ ಬಳಿಕ ಜನ ಹೋದರು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ. ಇಲ್ಲಿ ಕಾಲಕ್ರಮ ತಿರುಗುಮುರುಗು. ಜನ ಮೊದಲು ಹೋದರು, ಲಿಂಬೆಯ ಹೆಸರು ಆಮೇಲೆ ಹೋಯಿತು. ಲಿಂಬೆಯ ತೋಟವಿದ್ದವನ ಮನೆಯ ಬಾಗಿಲಿಗೆ ಮುಳ್ಳುಕಂಟಿ ಬೀಳುವುದಿಲ್ಲ ಎಂಬುದನ್ನು ಆ ಸೀಮೆಯವರು ಬಲ್ಲರು. ಆದರೆ ಲಿಂಬೆಗೆ ನೀರು ಬೇಕು.

ನೀರಿನ ಕಥೆ ದೊಡ್ಡದು. ಅಂದಿನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ ಬಹಾದುರ ಶಾಸ್ತ್ರಿಗಳು ಅಡಿಗಲ್ಲಿಟ್ಟದ್ದು 1964ರಲ್ಲಿ. ಅದು ಪೂರ್ಣವಾದದ್ದು 2005ರಲ್ಲಿ. ಮುದ್ದೇಬಿಹಾಳದ ಕೆಳಗೆ ನಾರಾಯಣಪುರದ ಕಟ್ಟೆ 1982ರಲ್ಲಿ ಮುಗಿಯಿತು. ಅದರ ಎಡದಂಡೆಯ ಕಾಲುವೆಯಿಂದ ಇಂಡಿಗೆಂದು ಒಂದು ಶಾಖೆ ಒಡೆಯಿತು. ಅಡಿಗಲ್ಲಿಗೂ ಕಟ್ಟೆಗೂ ನಡುವೆ ಎರಡು ತಲೆಮಾರು ಗುಳೆ ಹೋದವು. ಕಟ್ಟೆ ನಿಂತ ಮೇಲೆ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳವರು ಬೇರೊಂದು ಬಗೆಯಲ್ಲಿ ಊರು ಬಿಟ್ಟರು. ಕಾಲುವೆ ಮುಟ್ಟಿದ ಹಳ್ಳಿಯಲ್ಲಿ ದಸರೆಯ ಬಳಿಕವೂ ಓಣಿ ತುಂಬಿರುತ್ತದೆ. ಕಾಲುವೆಯ ಬಾಲ ಮುಟ್ಟದ ಹಳ್ಳಿಯಲ್ಲಿ ಮುದುಕರು, ಮಕ್ಕಳು, ನಾಯಿಗಳು. ಗೋವೆಯ ಕೇರಿಯ ಗಾತ್ರವನ್ನು ನಿರ್ಣಯಿಸುವುದು ಗೋವೆಯಲ್ಲ. ಕೃಷ್ಣೆಯ ನೀರು ಎಷ್ಟು ಮೈಲಿ ಹರಿಯಿತೆಂಬುದು.

ಕೇರಿ ಬರಿದಾಗುವ ಎರಡು ಬಗೆ

ನ್ಯೂಯಾರ್ಕಿನ ಮಲ್ಬೆರಿ ಬೀದಿಯಲ್ಲಿ ಈಗ ಇಟಲಿಯ ಉಪಾಹಾರಗೃಹಗಳಿವೆ, ಇಟಲಿಯ ಬಾವುಟಗಳಿವೆ, ಇಟಲಿಯವರು ಮಾತ್ರ ಅಪರೂಪ. ಅಕ್ಕಪಕ್ಕದ ಮನೆಗಳಲ್ಲಿ ಚೀನದವರು ನೆಲೆಸಿದ್ದಾರೆ. ಇದನ್ನು ಕಂಡು ಮರುಗುವವರುಂಟು. ಆದರೆ ಮರುಗುವ ಕಾರಣವಿಲ್ಲ. ಆ ಕೇರಿಯನ್ನು ಎರಡನೆಯ ಮಹಾಯುದ್ಧದ ಬಳಿಕ ಯಾರೂ ಒಡೆಯಲಿಲ್ಲ. ಹಮಾಲನ ಮಗ ಶಿಕ್ಷಕನಾದನು, ವಕೀಲನಾದನು, ಅಂಗಳವಿರುವ ಮನೆಯನ್ನು ಹುಡುಕಿಕೊಂಡು ಹೊರಟುಹೋದನು. ಕೇರಿ ಬರಿದಾಗುವುದಕ್ಕೆ ಎರಡು ಬಗೆ: ಯಂತ್ರ ಬಂದು ಕೆಡವುವುದು ಒಂದು, ಮಕ್ಕಳು ಓದಿ ಹೊರಡುವುದು ಇನ್ನೊಂದು. ಎರಡರ ನಡುವಿನ ಭೇದವೇ ಮುಖ್ಯವಾದ ಮಾತು.

ಲಿಯೊನಾರ್ಡ್ ಕೊವೆಲ್ಲೊ ಎಂಬಾತನು 1887ರಲ್ಲಿ ದಕ್ಷಿಣ ಇಟಲಿಯ ಅವಿಲ್ಯಾನೊದಲ್ಲಿ ಹುಟ್ಟಿ, ಎಳೆಯನಿದ್ದಾಗಲೇ ನ್ಯೂಯಾರ್ಕಿಗೆ ಬಂದನು. ಮನೆತನದ ಹೆಸರು ಕೊವಿಯೆಲ್ಲೊ. ಉಚ್ಚರಿಸಲು ತೊಡಕೆಂದು ಶಾಲೆಯಲ್ಲಿ ಅದನ್ನು ಕೊವೆಲ್ಲೊ ಎಂದು ಮಾಡಿದರು. ಮನೆಯಲ್ಲಿ ತಂದೆಗೆ ಕೋಪ. ಮಗನಿಗೆ ಶಾಲೆಯ ಭಯ. ಈ ಹುಡುಗನೇ ಮುಂದೆ ಶಿಕ್ಷಕನಾಗಿ, ಉಳಿದ ವಿದೇಶೀ ಭಾಷೆಗಳಿಗೆ ಸರಿಸಮನಾಗಿ ಇಟಲಿಯ ಭಾಷೆಯನ್ನೂ ಶಾಲೆಗಳಲ್ಲಿ ಕಲಿಸಬೇಕೆಂದು ಹೋರಾಡಿದನು. 1922ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. 1934ರಲ್ಲಿ ಪೂರ್ವ ಹಾರ್ಲೆಮ್‌ನ ಹೊಸ ಪ್ರೌಢಶಾಲೆಯ ಮುಖ್ಯಾಧ್ಯಾಪಕನಾಗಿ, ಶಾಲೆಯ ಬಾಗಿಲನ್ನು ತಾಯಿತಂದೆಗಳಿಗೂ ತೆರೆದನು. ಅವನ ವಿಚಾರ ಸರಳವಾದುದು: ತನ್ನ ತಾಯಿಯ ಮಾತಿಗೆ ನಾಚುವ ಹುಡುಗನು ತಾಯಿಗೇ ನಾಚುತ್ತಾನೆ, ತಾಯಿಗೆ ನಾಚುವವನು ಶಾಲೆಯಲ್ಲಿಯೂ ಬೇರೂರುವುದಿಲ್ಲ.

ವಾಸ್ಕೊದ ಕೇರಿಯಲ್ಲಿ ಬೆಳೆಯುವ ಸಿಂದಗಿಯ ಹುಡುಗಿಯ ಪಾಡನ್ನು ಇದರ ಬೆಳಕಿನಲ್ಲಿ ನೋಡಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ ಮತ್ತು ಕೊಂಕಣಿ, ಶಾಲೆಯಲ್ಲಿ ಮರಾಠಿಯೋ ಇಂಗ್ಲಿಷೋ. ನಡುವೆ ಆರು ತಿಂಗಳು ಊರಿಗೆ ಬಂದರೆ ಹಳ್ಳಿಯ ಶಾಲೆಯಲ್ಲಿ ಹಾಜರಿಯಿಲ್ಲ. ಮರಳಿ ಹೋದರೆ ಅಲ್ಲಿಯ ಪಾಠ ಮುಂದೆ ಸಾಗಿರುತ್ತದೆ. ನಾಲ್ಕು ಭಾಷೆಗಳಲ್ಲಿ ಮಾತನಾಡಬಲ್ಲ ಈ ಹುಡುಗಿ ಒಂದು ಭಾಷೆಯಲ್ಲಿಯೂ ಅಜ್ಜನಿಗೊಂದು ಪತ್ರ ಬರೆಯಲಾರದೆ ಹೋದರೆ, ಆ ನಷ್ಟ ಅವಳೊಬ್ಬಳದಲ್ಲ. ಗೋವೆಯಲ್ಲಿ ಕನ್ನಡ ಸಂಘಗಳಿವೆ, ಕನ್ನಡ ಶಾಲೆಗಳೂ ಇವೆ. ಊರಲ್ಲಿ ಉಳಿದ ಮಕ್ಕಳಿಗೆಂದು ಗುಳೆಯ ತಿಂಗಳುಗಳಲ್ಲಿ ನಡೆಸುವ ಋತುಮಾನದ ವಸತಿಶಾಲೆಯ ಏರ್ಪಾಡೂ ಕರ್ನಾಟಕದಲ್ಲಿ ಉಂಟು. ಆದರೆ ಹುಡುಗಿಗೆ ಹತ್ತು ವರ್ಷ ತುಂಬಿದೊಡನೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಬೇಕು. ಹುಡುಗನಿಗೆ ಹದಿನಾಲ್ಕಾದೊಡನೆ ಬುಟ್ಟಿ ಹಿಡಿಯುವ ತೋಳು ಬಂದಿರುತ್ತದೆ. ಆ ಎರಡು ಮೂರು ವರ್ಷಗಳನ್ನು ದಾಟಿಸಿದರೆ ಕೇರಿ ಒಂದು ಮೆಟ್ಟಿಲಾಗುತ್ತದೆ; ದಾಟಿಸದಿದ್ದರೆ ಹೊಂಡವಾಗುತ್ತದೆ.

ಶಹರದ ವಾಚಕರು ಇದನ್ನೆಲ್ಲ ಗೋವೆಯ ಸುದ್ದಿಯೆಂದು ಬದಿಗಿಡುವ ಕಾರಣವಿಲ್ಲ. ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ ಪುಣೆಯಾಗಲಿ, ಹೊಸದಾಗಿ ಏಳುತ್ತಿರುವ ಮನೆಯ ಪಕ್ಕದಲ್ಲಿ ಇಟ್ಟಿಗೆಯ ಒಲೆ ಹೂಡಿದ ಒಂದು ಸಂಸಾರ ಇದ್ದೇ ಇರುತ್ತದೆ. ಮನೆ ಮುಗಿದು, ಗೃಹಪ್ರವೇಶದ ತೋರಣ ಕಟ್ಟುವ ದಿನಕ್ಕೆ ಅವರು ಅಲ್ಲಿಂದ ಎದ್ದಿರುತ್ತಾರೆ. ಅವರ ಹಳ್ಳಿ ಯಾವುದೆಂದು ಮನೆಯ ಯಜಮಾನನಿಗೆ ಗೊತ್ತಿರುವುದು ಕಡಿಮೆ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನೂ ಊರು ಬಿಟ್ಟವನೇ. ಕೂಡಲಸಂಗಮಕ್ಕೆ ಹೋದನು, ಮಂಗಳವೇಡೆಗೆ ಹೋದನು, ಕೊನೆಗೆ ಕ್ರಿ. ಶ. 12ನೆಯ ಶತಮಾನದ ಆ ಕಲ್ಯಾಣದಲ್ಲಿ ನಿಂತನು. ಬಳ್ಳಿಗಾವಿಯಿಂದ ಅಲ್ಲಮ, ಉಡುತಡಿಯಿಂದ ಮಹಾದೇವಿ, ಸೊನ್ನಲಿಗೆಯಿಂದ ಸಿದ್ಧರಾಮ, ಸೌರಾಷ್ಟ್ರದಿಂದ ಆದಯ್ಯ, ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿ ಬದುಕಿದನೆಂದು ಹೇಳಲಾಗುವ ಮಾರಯ್ಯ—ಇವರೆಲ್ಲ ಪರಊರವರು. ಹಾಗೆ ನೋಡಿದರೆ ಕಲ್ಯಾಣವೆಂಬುದು ಬಂದವರ ಕೇರಿಯೇ. ಅಲ್ಲಿಯೂ ಹೊಸಬನನ್ನು ಯಾರೋ ಒಬ್ಬರು ಊರು ಯಾವುದೆಂದು ಕೇಳಿಯೇ ಇದ್ದಾರು. ಆದರೆ ಆ ಪ್ರಶ್ನೆಯ ಉತ್ತರದ ಮೇಲೆ ಅವನಿಗೆ ಹಾಕುವ ಮಣೆಯ ಎತ್ತರವನ್ನು ಅಳೆಯಬಾರದೆಂಬುದು ಆ ಊರಿನ ನಿರ್ಧಾರವಾಗಿತ್ತು.